ಬಹುಮಾನವಿಲ್ಲದ ಒಂದು ಸಂಜೆ ಬೇಕು

ನಮ್ಮ ಕಡೆ ಹಾಡುವ ಮಕ್ಕಳಿಗೆ ವೇದಿಕೆಯೇ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ವೇದಿಕೆ ಇದೆ. ಶಾಲೆಯಲ್ಲಿದ್ದಾಗ ನಾವೆಲ್ಲ ಪ್ರತಿಭಾ ಕಾರಂಜಿ ಕಂಡವರೇ. ಅದರಲ್ಲಿ ಜಾನಪದ ಗೀತೆ ಇದೆ, ಭಾವಗೀತೆ ಇದೆ, ಗಝಲ್ ಇದೆ, ಕವ್ವಾಲಿ ಇದೆ, ಅರೇಬಿಕ್ ಧಾರ್ಮಿಕ ಪಠಣವೂ ಇದೆ. ಕ್ಲಸ್ಟರಿನಲ್ಲಿ ಗೆದ್ದರೆ ತಾಲೂಕು, ತಾಲೂಕಿನಲ್ಲಿ ಗೆದ್ದರೆ ಜಿಲ್ಲೆ, ಅಲ್ಲಿಂದ ಮುಂದೆ ರಾಜ್ಯ. ಪಿಯುಸಿಗೆ ಬಂದ ಮೇಲೂ ಸಾಂಸ್ಕೃತಿಕ ಸ್ಪರ್ಧೆಗಳು ನಡೆಯುತ್ತವೆ, ವರ್ಷದ ಕೊನೆಗೆ ವಾರ್ಷಿಕೋತ್ಸವ ಇದ್ದೇ ಇದೆ. ನಮಗೆ ಇಲ್ಲದಿರುವುದು ಬೇರೆ. ಈ ವೇದಿಕೆಯನ್ನು ಹತ್ತುವ ಮೊದಲು ಕಲಿಯುವ ಜಾಗ ಇಲ್ಲ, ಇಳಿದ ಮೇಲೆ ಮತ್ತೆ ಹಾಡುವ ಜಾಗವೂ ಇಲ್ಲ.

ನಮ್ಮಲ್ಲಿ ತಯಾರಿ ಹೇಗೆ ನಡೆಯುತ್ತದೆ ಎಂದು ಎಲ್ಲರಿಗೂ ಗೊತ್ತು. ಸುತ್ತೋಲೆ ಬರುತ್ತದೆ. ಯಾರು ಹಾಡುತ್ತೀರಿ ಎಂದು ತರಗತಿಯಲ್ಲಿ ಕೇಳುತ್ತಾರೆ. ಎಲ್ಲರೂ ಒಂದೇ ಹುಡುಗಿಯ ಕಡೆ ತಿರುಗಿ ನೋಡುತ್ತಾರೆ. ಕಳೆದ ವರ್ಷವೂ ಅವಳೇ, ಅದರ ಹಿಂದಿನ ವರ್ಷವೂ ಅವಳೇ. ಕವ್ವಾಲಿ ಆದರೆ ಆರು ಜನ ಸೇರುತ್ತಾರೆ, ಮೊಬೈಲಿನಲ್ಲಿ ಒಂದು ಹಾಡು ಹುಡುಕುತ್ತಾರೆ, ಒಂದು ವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅದನ್ನೇ ಕೇಳಿ ಬಾಯಿಪಾಠ ಮಾಡುತ್ತಾರೆ. ಶ್ರುತಿ ಎಲ್ಲಿ ಹಿಡಿಯಬೇಕು, ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ತಾಳ ತಪ್ಪಿದರೆ ಮತ್ತೆ ಹೇಗೆ ಸೇರಿಕೊಳ್ಳಬೇಕು, ಇದನ್ನು ಹೇಳಿಕೊಡುವವರು ಯಾರೂ ಇಲ್ಲ. ಸ್ಪರ್ಧೆ ಮುಗಿಯುತ್ತದೆ. ಬಹುಮಾನ ಬಂದರೆ ಫೋಟೊ, ಬಾರದಿದ್ದರೆ ಮೌನ. ಮುಂದಿನ ಸುತ್ತೋಲೆ ಬರುವವರೆಗೆ ಯಾರೂ ಹಾಡುವುದಿಲ್ಲ.

ಸ್ಪರ್ಧೆಯನ್ನು ನಾನು ದೂರುತ್ತಿಲ್ಲ. ಸ್ಪರ್ಧೆಯ ಕೆಲಸ ಆರಿಸುವುದು. ನಲವತ್ತು ಜನರಲ್ಲಿ ಒಬ್ಬರನ್ನು ಆರಿಸಿದರೆ ಅದರ ಕೆಲಸ ಮುಗಿಯಿತು. ಆದರೆ ಉಳಿದ ಮೂವತ್ತೊಂಬತ್ತು ಜನ ಅವತ್ತು ಏನು ಕಲಿಯುತ್ತಾರೆ? ‘ನನಗೆ ಹಾಡು ಬರುವುದಿಲ್ಲ’ ಎಂಬುದನ್ನು ಕಲಿಯುತ್ತಾರೆ. ಇದನ್ನು ನಾವು ಬೇರೆ ಯಾವ ವಿಷಯದಲ್ಲೂ ಒಪ್ಪುವುದಿಲ್ಲ. ಗಣಿತ ಬಾರದವನಿಗೆ ಹೆಚ್ಚುವರಿ ತರಗತಿ ಇಡುತ್ತೇವೆ, ಇಂಗ್ಲಿಷ್ ಬಾರದವಳಿಗೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇವೆ. ಹಾಡು ಮಾತ್ರ ಹುಟ್ಟಿನಿಂದಲೇ ಬರಬೇಕು ಎಂದು ತೀರ್ಮಾನಿಸಿದ್ದೇವೆ. ಹೀಗಾಗಿ ಹದಿನಾರು ಹದಿನೇಳು ವರ್ಷಕ್ಕೆ ನಮ್ಮಲ್ಲಿ ಬಹಳಷ್ಟು ಜನರ ದನಿ ಮುಚ್ಚಿಹೋಗುತ್ತದೆ. ಆಮೇಲೆ ಅದು ತೆರೆಯುವುದೇ ಇಲ್ಲ.

ನನ್ನ ಅಭಿಪ್ರಾಯ ಇಷ್ಟೇ. ನಮ್ಮ ಕಾಲೇಜು ವಾರಕ್ಕೊಮ್ಮೆ ಒಂದು ಕೋಣೆಯನ್ನು ಹಾಡು ಕಲಿಯುವುದಕ್ಕೆ ತೆರೆಯಬೇಕು. ಅದಕ್ಕೆ ವಿದ್ಯಾರ್ಥಿಗಳು ಮಾತ್ರವಲ್ಲ, ಅವರ ತಮ್ಮ ತಂಗಿಯರು, ತಾಯಂದಿರು, ಊರಿನ ಹಿರಿಯರೂ ಬರುವಂತಿರಬೇಕು. ವರ್ಷಕ್ಕೆ ಎರಡು ಬಾರಿ ಅವರೆಲ್ಲ ಹಾಡುವ ಒಂದು ಸಂಜೆ ಇರಬೇಕು. ಅದರಲ್ಲಿ ತೀರ್ಪುಗಾರರು ಇರಬಾರದು, ಬಹುಮಾನವೂ ಇರಬಾರದು.

ಇದು ದೂರದ ಕನಸಲ್ಲ. ನಮ್ಮ ಪಕ್ಕದಲ್ಲೇ ಇದಕ್ಕೆ ಉದಾಹರಣೆ ಇದೆ. ಮುರ್ಡೇಶ್ವರದಿಂದ ಹೆದ್ದಾರಿ ಹಿಡಿದು ಹೊನ್ನಾವರದ ಕಡೆ ಹೋಗುವಾಗ ಗುಣವಂತೆ ಸಿಗುತ್ತದೆ. ನಮ್ಮಲ್ಲಿ ಎಷ್ಟೋ ಜನ ದಿನವೂ ಬಸ್ಸಿನ ಕಿಟಕಿಯಿಂದ ಆ ಊರನ್ನು ನೋಡುತ್ತಾರೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಶ್ರೀ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಅಲ್ಲಿಯದು. ಅವರ ಮಗ ಶಂಭು ಹೆಗಡೆಯವರು ಅಲ್ಲಿಯೇ ಶ್ರೀಮಯ ಯಕ್ಷಗಾನ ಕಲಾಕೇಂದ್ರ ಕಟ್ಟಿದರು. ಮೇಳ ಇದ್ದರೆ ಸಾಲದು, ಕಲಿಸುವ ಜಾಗವೂ ಬೇಕು ಎಂದು ಅವರಿಗೆ ತಿಳಿದಿತ್ತು. ಇವತ್ತಿಗೂ ಅಲ್ಲಿ ಪಾಠ ಇದೆ, ಪ್ರದರ್ಶನ ಇದೆ, ಶಂಭು ಹೆಗಡೆಯವರ ಹೆಸರಿನಲ್ಲಿ ರಾಷ್ಟ್ರೀಯ ನಾಟ್ಯೋತ್ಸವವೂ ನಡೆಯುತ್ತದೆ. ಇದೇ ಹೊನ್ನಾವರ ತಾಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂತು. ಒಂದು ತಾಲೂಕಿನಿಂದ ಇಷ್ಟು ಕಲಾವಿದರು ಬಂದದ್ದು ನೀರಿನ ಗುಣದಿಂದಲ್ಲ. ಚಿಕ್ಕ ಮಕ್ಕಳು ಹಿರಿಯರ ಪಕ್ಕ ಕುಳಿತು ಚಂಡೆ ಮದ್ದಳೆ ಕೇಳುತ್ತಾರೆ, ಸಣ್ಣ ವೇಷ ಮಾಡುತ್ತಾರೆ, ತಪ್ಪುತ್ತಾರೆ, ಮತ್ತೆ ಮಾಡುತ್ತಾರೆ. ಅಲ್ಲಿ ಪಾಠಕ್ಕೂ ರಂಗಕ್ಕೂ ನಡುವೆ ಗೋಡೆ ಇಲ್ಲ.

ದಕ್ಷಿಣಕ್ಕೆ ಹೋದರೆ ಇದನ್ನು ಶಾಲೆಯ ಒಳಗೇ ತಂದವರಿದ್ದಾರೆ. ಕೋಟ ಸಾಲಿಗ್ರಾಮದಲ್ಲಿ ಕಾರ್ಕಡ ಶ್ರೀನಿವಾಸ ಉಡುಪ ಮತ್ತು ಎಚ್. ಶ್ರೀಧರ ಹಂದೆಯವರು 1970ರ ದಶಕದಲ್ಲಿ ಮಕ್ಕಳ ಮೇಳ ಕಟ್ಟಿದರು. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಿಗೆ ಗುರುಗಳನ್ನು ಕಳುಹಿಸಿ ಮಕ್ಕಳಿಗೆ ಯಕ್ಷಗಾನ ಕಲಿಸುತ್ತದೆ. ಪಾಠ ಮುಗಿದ ಮೇಲೆ ಕಿಶೋರ ಯಕ್ಷಗಾನ ಎಂದು ಆ ಎಲ್ಲ ಶಾಲೆಗಳ ಪ್ರದರ್ಶನ ಏರ್ಪಡಿಸುತ್ತದೆ. ಇದರ ಕ್ರಮವನ್ನು ಗಮನಿಸಿ. ಮೊದಲು ತಿಂಗಳುಗಟ್ಟಲೆ ಪಾಠ, ಆಮೇಲೆ ಕಲಿತವರಿಗೆಲ್ಲ ರಂಗ. ನಮ್ಮಲ್ಲಿ ಮೊದಲು ಸ್ಪರ್ಧೆಯ ದಿನಾಂಕ ಬರುತ್ತದೆ, ಆಮೇಲೆ ಹಾಡುವವರನ್ನು ಹುಡುಕುತ್ತೇವೆ.

‘ಅದು ಅವರ ಕಲೆ, ಅವರಿಗೆ ದೇವಸ್ಥಾನ ಇದೆ, ಮೇಳ ಇದೆ, ಮನೆತನ ಇದೆ. ನಮಗೆ ಏನಿದೆ?’ ಎಂದು ಗೆಳತಿಯೊಬ್ಬಳು ಕೇಳಿದಳು. ಪ್ರಶ್ನೆ ಸರಿಯಾದದ್ದೇ. ಆದರೆ ಕರ್ನಾಟಕದ ಸಂಗೀತದ ಚರಿತ್ರೆ ತೆರೆದರೆ ನಮಗೆ ಏನಿದೆ ಎಂಬುದಕ್ಕೆ ಉತ್ತರ ಸಿಗುತ್ತದೆ.

ಧಾರವಾಡ ಹುಬ್ಬಳ್ಳಿ ಗದಗ ಎಂದರೆ ಹಿಂದೂಸ್ತಾನಿ ಗಾಯನದ ನೆಲ ಎಂದು ಹೇಳುತ್ತೇವೆ. ಆ ನೆಲಕ್ಕೆ ನೀರು ಎರೆದವರಲ್ಲಿ ಮೊದಲ ಸಾಲಿನ ಹೆಸರು ಉಸ್ತಾದ್ ಅಬ್ದುಲ್ ಕರೀಂ ಖಾನ್ ಅವರದು. 1872ರಲ್ಲಿ ಉತ್ತರದ ಕೈರಾನಾದಲ್ಲಿ ಹುಟ್ಟಿದವರು, ಮೀರಜಿನಲ್ಲಿ ನೆಲೆಸಿದವರು, 1937ರಲ್ಲಿ ತೀರಿಹೋದವರು. ಕುಂದಗೋಳದ ರಾಮಭಾವು ಅವರ ಬಳಿ ಕಲಿತು ಸವಾಯಿ ಗಂಧರ್ವ ಎಂದು ಹೆಸರಾದರು. ಸವಾಯಿ ಗಂಧರ್ವರ ಬಳಿ ಗಂಗೂಬಾಯಿ ಹಾನಗಲ್ ಕಲಿತರು, ಗದಗಿನ ಭೀಮಸೇನ ಜೋಶಿ ಕಲಿತರು. ಇತ್ತ ಮಲ್ಲಿಕಾರ್ಜುನ ಮನ್ಸೂರರು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನರ ಶಿಷ್ಯರು. ಧಾರವಾಡದಲ್ಲಿ ಸಿತಾರ್ ಎಂದರೆ ರಹಿಮತ್ ಖಾನರ ಮನೆತನ. ಅವರ ಮೊಮ್ಮಗ ಉಸ್ತಾದ್ ಬಾಲೇ ಖಾನ್ 2007ರಲ್ಲಿ ತೀರಿಕೊಳ್ಳುವವರೆಗೂ ಶಿಷ್ಯರನ್ನು ತಯಾರು ಮಾಡುತ್ತಲೇ ಇದ್ದರು.

ಅಬ್ದುಲ್ ಕರೀಂ ಖಾನರು ಮಾಡಿದ ಇನ್ನೊಂದು ಕೆಲಸ ನಮ್ಮ ವಿಷಯಕ್ಕೆ ಹತ್ತಿರದ್ದು. 1910ರ ದಶಕದಲ್ಲಿ ಅವರು ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ಎಂಬ ಶಾಲೆ ನಡೆಸಿದರು. ಅಲ್ಲಿ ಕಲಿಯುವ ಮಕ್ಕಳನ್ನೇ ಸಾರ್ವಜನಿಕ ಕಛೇರಿಗಳಲ್ಲಿ ಹಾಡಿಸುತ್ತಿದ್ದರು. ನೂರು ವರ್ಷದ ಹಿಂದೆ ಒಬ್ಬ ಉಸ್ತಾದರಿಗೆ ಪಾಠವೂ ವೇದಿಕೆಯೂ ಜೊತೆಜೊತೆಗೆ ಇರಬೇಕು ಎಂದು ಗೊತ್ತಿತ್ತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣು ಕಾಣದ ಮಕ್ಕಳಿಗೆ, ಬಡ ಮಕ್ಕಳಿಗೆ ಊಟ ಹಾಕಿ ಸಂಗೀತ ಕಲಿಸಿದರು. ಅಲ್ಲಿ ಮೊದಲು ಕಲಿಸಿದರು. ಯಾರು ಎಷ್ಟು ದೊಡ್ಡವರಾಗುತ್ತಾರೆ ಎಂಬುದನ್ನು ಕಾಲಕ್ಕೆ ಬಿಟ್ಟರು.

ಹಾಡು ಎಂದರೆ ರಾಗ ಸಂಗೀತ ಮಾತ್ರವಲ್ಲ. ಶಿಗ್ಗಾಂವಿ ಕಡೆಯ ಶಿಶುವಿನಹಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫರು ಕಳಸದ ಗುರು ಗೋವಿಂದ ಭಟ್ಟರ ಶಿಷ್ಯರಾಗಿ ಕಟ್ಟಿದ ತತ್ವಪದಗಳನ್ನು ಕನ್ನಡಿಗರೆಲ್ಲ ಹಾಡುತ್ತಾರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಸಮಯದಲ್ಲಿ ಕರ್ಬಲಾದ ಕತೆಯನ್ನು ಕನ್ನಡದಲ್ಲೇ ರಿವಾಯತ್ ಪದಗಳಾಗಿ ಹಾಡುತ್ತಾರೆ. ಅದನ್ನು ಹಾಡುವ ಗುಂಪಿನಲ್ಲಿ ಹಿಂದೂಗಳೂ ಇರುತ್ತಾರೆ, ಮುಸ್ಲಿಮರೂ ಇರುತ್ತಾರೆ. ನಮ್ಮದೇ ಜಿಲ್ಲೆಯ ಯಲ್ಲಾಪುರ, ಹಳಿಯಾಳದ ಕಾಡಿನ ಸಿದ್ದಿಗಳಿಗೆ ಡಮಾಮಿ ಇದೆ. ನಮಗೆ ಏನಿದೆ ಎಂದು ಕೇಳುವ ಮೊದಲು ಇಷ್ಟನ್ನಾದರೂ ನಾವು ಎಣಿಸಿ ನೋಡಬೇಕು.

ಇನ್ನು ಮುಖ್ಯವಾದ ಪ್ರಶ್ನೆಗೆ ಬರುತ್ತೇನೆ. ನಮ್ಮ ಕಾಲೇಜಿನಲ್ಲಿ ಇದನ್ನು ಬರೆಯುವಾಗ ಆ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವುದು ಸರಿಯಲ್ಲ. ಸಂಗೀತ ನಮ್ಮ ದೀನ್‌ನಲ್ಲಿ ಸಮ್ಮತವೇ ಎಂದು ಹಲವರು ಕೇಳುತ್ತಾರೆ. ನಾನು ಆಲಿಮ್ ಅಲ್ಲ, ಈ ವಿಷಯದಲ್ಲಿ ತೀರ್ಪು ಹೇಳುವ ಯೋಗ್ಯತೆ ನನಗಿಲ್ಲ. ಹಿರಿಯರಿಂದ ಕೇಳಿ ತಿಳಿದಷ್ಟನ್ನು ಹೇಳುತ್ತೇನೆ. ವಾದ್ಯಗಳ ಬಗ್ಗೆ ಉಲೆಮಾಗಳಲ್ಲಿ ಭಿನ್ನಾಭಿಪ್ರಾಯ ಇದೆ. ಹಲವರು ಬೇಡ ಎನ್ನುತ್ತಾರೆ. ಇಮಾಮ್ ಗಝಾಲಿಯವರಂಥವರು ತಮ್ಮ ‘ಇಹ್ಯಾ ಉಲೂಮುದ್ದೀನ್’ ಗ್ರಂಥದಲ್ಲಿ ಇದಕ್ಕೆಂದೇ ಒಂದು ಭಾಗ ಬರೆದು, ಯಾವಾಗ ಸರಿ, ಯಾವಾಗ ಸರಿಯಲ್ಲ ಎಂದು ಬಿಡಿಸಿ ಹೇಳಿದ್ದಾರೆ. ಆದರೆ ಒಳ್ಳೆಯ ಮಾತುಗಳನ್ನು ಬರಿಯ ದನಿಯಲ್ಲಿ ಹಾಡುವುದರ ಬಗ್ಗೆ, ಹಬ್ಬಕ್ಕೂ ಮದುವೆಗೂ ದಫ್ ಬಾರಿಸುವುದರ ಬಗ್ಗೆ ಅಷ್ಟು ಜಗಳ ಇಲ್ಲ. ಈದ್ ದಿನ ಹಝ್ರತ್ ಆಯಿಶಾ ಅವರ ಮನೆಯಲ್ಲಿ ಇಬ್ಬರು ಹುಡುಗಿಯರು ಹಾಡುತ್ತಿದ್ದಾಗ ಅಬೂಬಕರ್ ಅವರು ಗದರಿದ್ದು, ಇಂದು ಹಬ್ಬ, ಅವರನ್ನು ಬಿಡಿ ಎಂದು ಪ್ರವಾದಿಯವರು (ಸ) ಹೇಳಿದ್ದು ನಾವೆಲ್ಲ ಮದ್ರಸಾದಲ್ಲಿ ಕೇಳಿದ ಹದೀಸ್. ಅಬೂ ಮೂಸಾ ಅಶ್‌ಅರಿ ಅವರ ತಿಲಾವತ್ತಿನ ದನಿಯನ್ನು ಪ್ರವಾದಿಯವರು ಮೆಚ್ಚಿ ದಾವೂದ್ ನಬಿಯವರ ದನಿಗೆ ಹೋಲಿಸಿದ್ದೂ ಗೊತ್ತು. ಒಳ್ಳೆಯ ದನಿಯನ್ನು ಅಲ್ಲಾಹನ ಅನುಗ್ರಹ ಎಂದು ಕಾಣುವ ಪರಂಪರೆ ನಮ್ಮದು.

ಅದಕ್ಕಾಗಿಯೇ ನನ್ನ ಸಲಹೆ ದನಿಯಿಂದ ಆರಂಭವಾಗುತ್ತದೆ. ಮೊದಲ ವರ್ಷ ವಾದ್ಯಗಳ ಮಾತೇ ಬೇಡ. ದನಿ ಮತ್ತು ದಫ್ ಸಾಕು. ಹಮ್ದ್, ನಾತ್, ನಜ್ಮ್, ಕನ್ನಡದ ಭಾವಗೀತೆ, ಜಾನಪದ ಗೀತೆ, ತತ್ವಪದ ಇವುಗಳನ್ನು ಕಲಿಯೋಣ. ಯಾವ ಹಾಡು ಕಲಿಯಬೇಕು, ಯಾವುದು ಬೇಡ ಎಂದು ಪ್ರತಿ ಮನೆಯವರೂ ತೀರ್ಮಾನಿಸಲಿ. ಯಾರ ಮೇಲೂ ಒತ್ತಾಯ ಇರಬಾರದು. ತಿಲಾವತ್ ಹಾಡಲ್ಲ, ಅದನ್ನು ಹಾಡಿನ ಸಾಲಿಗೆ ಸೇರಿಸಲೂಬಾರದು. ಆದರೆ ತಜ್ವೀದ್ ಕಲಿಸುವ ಉಸ್ತಾದರನ್ನು ಕೇಳಿ ನೋಡಿ. ಉಸಿರನ್ನು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು, ಅಕ್ಷರ ಗಂಟಲಿನ ಯಾವ ಜಾಗದಿಂದ ಹೊರಡಬೇಕು ಎಂದು ಅವರು ಎಷ್ಟು ನಿಖರವಾಗಿ ತಿದ್ದುತ್ತಾರೆ! ದನಿಗೆ ಶಿಸ್ತು ಬೇಕು, ಅದನ್ನು ಕೂತು ಕಲಿಯಬೇಕು, ಗುರು ಬೇಕು ಎಂಬುದನ್ನು ನಾವು ಐದು ವರ್ಷದ ವಯಸ್ಸಿನಲ್ಲೇ ಒಪ್ಪಿಕೊಂಡವರು.

ಇದರಲ್ಲಿ ಕಳೆದುಹೋಗುವಂಥದ್ದು ಏನಿದೆ ಎಂದು ಕೇಳಿದರೆ ನಮ್ಮ ಮನೆಯ ಮಾತನ್ನೇ ಹೇಳಬೇಕಾಗುತ್ತದೆ. ನನ್ನ ಅಜ್ಜಿಗೆ ನವಾಯತಿ ಮದುವೆ ಹಾಡುಗಳು ಬರುತ್ತವೆ. ಮೆಹಂದಿಯ ರಾತ್ರಿ ಹೆಂಗಸರು ಒಳಗೆ ಕುಳಿತು ಹಾಡುತ್ತಿದ್ದ ಹಾಡುಗಳು. ಅಜ್ಜಿಗೆ ಇಪ್ಪತ್ತರ ಮೇಲೆ ಬರುತ್ತವೆ, ಅಮ್ಮನಿಗೆ ನಾಲ್ಕೈದು, ನನಗೆ ಒಂದು, ಅದೂ ಅರ್ಧ. ಈಗ ಮದುವೆಗಳಲ್ಲಿ ಸ್ಪೀಕರ್ ಹಾಡುತ್ತದೆ, ನಾವು ಕೇಳುತ್ತೇವೆ. ನವಾಯತಿ ಭಾಷೆಗೆ ಶಾಲೆ ಇಲ್ಲ, ಪಠ್ಯಪುಸ್ತಕ ಇಲ್ಲ. ಮನೆಯಲ್ಲಿ ಆಡುವ ಮಾತು, ಹಾಡುವ ಹಾಡು, ಹಿರಿಯರು ಅರಬ್ಬಿ ಲಿಪಿಯಲ್ಲಿ ಬರೆದಿಟ್ಟ ಕವಿತೆಗಳು, ಇಷ್ಟೇ ಅದರ ಆಸ್ತಿ. ಹಾಡು ಒಂದು ತಲೆಮಾರು ಬಾಯಿಂದ ಬಾಯಿಗೆ ಹೋಗದೆ ನಿಂತರೆ ಅದು ಮತ್ತೆ ಸಿಗುವುದಿಲ್ಲ.

ಇದು ನಮ್ಮ ಸಮುದಾಯದ ಮಾತು ಮಾತ್ರವಲ್ಲ. ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಇಡೀ ಜಿಲ್ಲೆ ಹೆಮ್ಮೆಪಟ್ಟಿತು. ಅವರು ಶಾಲೆಗೆ ಹೋಗಿ ಓದಿದವರಲ್ಲ. ಹಾಲಕ್ಕಿಗಳ ಹಾಡುಗಳು ಅವರ ನೆನಪಿನಲ್ಲಿದ್ದವು, ಅದನ್ನು ಅವರು ತಮ್ಮ ಸುತ್ತಲಿನ ಹೆಂಗಸರಿಗೂ ಮಕ್ಕಳಿಗೂ ಹಾಡಿ ಕೊಟ್ಟರು. ನಮ್ಮ ಕಾಲೇಜಿನ ಸುತ್ತ ಅಂಥ ನೆನಪು ಇರುವ ಅಜ್ಜಿಯರು ಎಲ್ಲ ಕೇರಿಗಳಲ್ಲೂ ಇರಬೇಕು. ಮಾವಳ್ಳಿಯಲ್ಲಿ, ಕಾಯ್ಕಿಣಿಯಲ್ಲಿ, ಬಸ್ತಿಯಲ್ಲಿ, ಶಿರಾಲಿಯಲ್ಲಿ, ಮಂಕಿಯಲ್ಲಿ. ಅವರನ್ನು ಯಾರೂ ಕರೆದು ಕೂರಿಸಿ ‘ಹಾಡಿ, ನಾವು ಕಲಿಯುತ್ತೇವೆ’ ಎಂದು ಹೇಳಿಲ್ಲ.

ದೊಡ್ಡವರಿಗೇಕೆ ಪಾಠ ಎಂದು ಕೆಲವರು ನಗಬಹುದು. ನಗುವವರಿಗೆ ಬಹರೈನಿನ ಒಂದು ಮಾತು ಹೇಳುತ್ತೇನೆ. ನಮ್ಮಲ್ಲಿ ಎಷ್ಟೋ ಜನರ ತಂದೆ, ಅಣ್ಣಂದಿರು ಕೊಲ್ಲಿಯಲ್ಲಿ ದುಡಿಯುತ್ತಿದ್ದಾರೆ, ಆ ಊರುಗಳ ಹೆಸರು ನಮಗೆ ಹೊನ್ನಾವರ, ಕುಮಟಾದಷ್ಟೇ ಪರಿಚಯ. ಬಹರೈನಿನಲ್ಲಿ ಮುತ್ತು ತೆಗೆಯಲು ಸಮುದ್ರಕ್ಕೆ ಇಳಿಯುತ್ತಿದ್ದವರು ಹಾಡುತ್ತಿದ್ದ ಹಾಡುಗಳಿಗೆ ಫಿಜಿರಿ ಎಂದು ಹೆಸರು. ಮುತ್ತಿನ ವ್ಯಾಪಾರ ಬಿದ್ದುಹೋಗಿ ಎಷ್ಟೋ ಕಾಲವಾಯಿತು. ಹಾಡು ಉಳಿದಿದೆ. ಯಾಕೆಂದರೆ ಅಲ್ಲಿಯ ಗಂಡಸರು ‘ದಾರ್’ ಎಂದು ಕರೆಯುವ ಮನೆಗಳಲ್ಲಿ ಸೇರಿ, ಚಪ್ಪಾಳೆ, ಡೋಲು, ಮಣ್ಣಿನ ಕೊಡ ಬಾರಿಸುತ್ತ ಅದನ್ನು ಹಾಡುತ್ತ ಬಂದರು, ಪಕ್ಕದಲ್ಲಿ ಕುಳಿತ ಹುಡುಗರು ಕಲಿತರು. 2021ರಲ್ಲಿ ಯುನೆಸ್ಕೊ ಅದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಹಾಡನ್ನು ಉಳಿಸಿದ್ದು ಸ್ಪರ್ಧೆಯಲ್ಲ. ವಾರದಲ್ಲಿ ಒಮ್ಮೆಯಾದರೂ ಸೇರುವ ಕೋಣೆಯೊಂದು ಇತ್ತು, ಅಲ್ಲಿ ದೊಡ್ಡವರೂ ಚಿಕ್ಕವರೂ ಒಟ್ಟಿಗೆ ಕೂತರು, ಅಷ್ಟೇ. ನಮ್ಮದೂ ಸಮುದ್ರದ ಊರು. ಬಲೆ ಎಳೆಯುವವರು, ದೋಣಿ ದೂಡುವವರು ಇಲ್ಲೂ ಇದ್ದಾರೆ.

ಹುಡುಗಿಯರ ಮಾತು ಪ್ರತ್ಯೇಕವಾಗಿ ಹೇಳಬೇಕು. ಹತ್ತನೆಯ ತರಗತಿಯವರೆಗೆ ಹಾಡಿದ ನನ್ನ ಗೆಳತಿಯರಲ್ಲಿ ಹೆಚ್ಚಿನವರು ಪಿಯುಸಿಗೆ ಬಂದ ಮೇಲೆ ನಿಲ್ಲಿಸಿದರು. ಕೆಲವರ ಮನೆಯಲ್ಲಿ ಬೇಡ ಎಂದರು, ಕೆಲವರಿಗೆ ಅವರಿಗೇ ಬೇಡ ಅನ್ನಿಸಿತು. ಎಲ್ಲರ ಮುಂದೆ ವೇದಿಕೆ ಹತ್ತಲು ಸಂಕೋಚ ಇರುವವಳಿಗೆ ನಾವು ಇಡುವ ಎರಡೇ ಆಯ್ಕೆ ಎಂದರೆ ಹತ್ತು, ಇಲ್ಲವೇ ಸುಮ್ಮನಿರು. ಮೂರನೆಯದು ಇರಬಹುದಲ್ಲವೇ? ಹೆಂಗಸರಿಗಾಗಿಯೇ ಪ್ರತ್ಯೇಕ ತರಗತಿ ಇಡಬಹುದು, ಮೇಡಂ ಒಬ್ಬರು ಜೊತೆಗಿದ್ದರೆ ಸಾಕು. ತಾಯಂದಿರು, ಅಜ್ಜಿಯರು, ಅಕ್ಕಂದಿರು ಮಾತ್ರ ಸೇರುವ ಒಂದು ಸಂಜೆ ಇಡಬಹುದು, ಅಲ್ಲಿ ಮೊಬೈಲಿನಲ್ಲಿ ಚಿತ್ರೀಕರಣ ಬೇಡ ಎಂದು ನಿಯಮ ಮಾಡಬಹುದು. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಪಾಠ ಹೇಳಿಸಿಕೊಂಡ ಕಾಲದಲ್ಲಿ ಹಾಡುವ ಹೆಣ್ಣಿಗೆ ಜನರ ಬಾಯಿಂದ ಬಂದ ಮಾತು ಒಂದೆರಡಲ್ಲ. ಅವರ ಹೆಸರಿನಲ್ಲಿ ಇವತ್ತು ಮೈಸೂರಿನಲ್ಲಿ ಸಂಗೀತ ವಿಶ್ವವಿದ್ಯಾಲಯವೇ ಇದೆ. ನಾವೆಲ್ಲ ಗಂಗೂಬಾಯಿ ಆಗಬೇಕಾಗಿಲ್ಲ. ನಮ್ಮ ನಮ್ಮ ಅಜ್ಜಿಯ ಹಾಡನ್ನು ಪೂರ್ತಿ ಹಾಡುವಷ್ಟಾದರೂ ಆಗಬೇಕು.

‘ಪರೀಕ್ಷೆ ಇದೆ, ನೀಟ್ ಇದೆ, ಸಿಇಟಿ ಇದೆ, ಹಾಡುತ್ತಾ ಕೂತರೆ ಆಗುತ್ತದೆಯೇ?’ ಎಂದು ಪೋಷಕರು ಕೇಳುತ್ತಾರೆ. ವಾರಕ್ಕೆ ಒಂದೂವರೆ ಗಂಟೆ ಕೇಳುತ್ತಿದ್ದೇನೆ. ಅದಕ್ಕಿಂತ ಹೆಚ್ಚು ಹೊತ್ತು ನಾವು ಒಂದೇ ದಿನ ಮೊಬೈಲಿನಲ್ಲಿ ಕಳೆಯುತ್ತೇವೆ ಎಂದು ಮನೆಯವರಿಗೂ ಗೊತ್ತು, ನಮಗೂ ಗೊತ್ತು. ಪರೀಕ್ಷೆಯ ತಿಂಗಳು ತರಗತಿ ನಿಲ್ಲಿಸಬಹುದು. ಅಲ್ಲದೆ ಸಂಗೀತವನ್ನೇ ಓದಬೇಕು ಎನ್ನುವವರಿಗೆ ದಾರಿ ಇಲ್ಲವೆಂದೂ ಅಲ್ಲ. ಪಿಯುಸಿ ಕಲಾ ವಿಭಾಗದ ಐಚ್ಛಿಕ ವಿಷಯಗಳಲ್ಲಿ ಹಿಂದೂಸ್ತಾನಿ ಸಂಗೀತ, ಕರ್ನಾಟಕ ಸಂಗೀತ ಎರಡೂ ಇವೆ. ಜೂನಿಯರ್, ಸೀನಿಯರ್, ವಿದ್ವತ್ ಎಂಬ ಪರೀಕ್ಷೆಗಳಿವೆ. ಕಾಲೇಜು ಆ ವಿಷಯವನ್ನೇ ಆರಂಭಿಸಬೇಕು ಎಂದು ನಾನು ಕೇಳುತ್ತಿಲ್ಲ. ಅಂಥ ವಿಷಯವೊಂದು ಇದೆ ಎಂಬುದಾದರೂ ಹತ್ತನೆಯ ತರಗತಿ ಮುಗಿಸಿದ ಮಕ್ಕಳಿಗೆ ತಿಳಿದಿರಬೇಕು.

ಖರ್ಚಿನ ಮಾತು. ಕೋಣೆ ಇದೆ, ಭಾನುವಾರ ಅದು ಖಾಲಿ ಇರುತ್ತದೆ. ಚಾಪೆ ಇದೆ. ಶ್ರುತಿಗೆ ಮೊಬೈಲಿನಲ್ಲೇ ತಂಬೂರದ ಆ್ಯಪ್ ಸಿಗುತ್ತದೆ, ಅದೂ ಬೇಡ ಎನ್ನುವವರು ಒಬ್ಬರ ದನಿಯನ್ನೇ ಶ್ರುತಿಯಾಗಿ ಹಿಡಿಯಬಹುದು. ಬೇಕಾಗಿರುವುದು ಕೆಲವು ದಫ್, ವಾರಕ್ಕೊಮ್ಮೆ ಬರುವ ಗುರುಗಳಿಗೆ ಗೌರವಧನ ಮತ್ತು ಅವರ ಬಸ್ಸಿನ ಖರ್ಚು. ವಾರ್ಷಿಕೋತ್ಸವದ ಒಂದು ದಿನದ ಶಾಮಿಯಾನ ಮತ್ತು ಧ್ವನಿವರ್ಧಕಕ್ಕೆ ನಾವು ಖರ್ಚು ಮಾಡುವುದರಲ್ಲಿ ಒಂದು ಪಾಲು ಇದಕ್ಕೆ ತೆಗೆದಿಟ್ಟರೆ ಸಾಕು. ಹಳೆಯ ವಿದ್ಯಾರ್ಥಿಗಳನ್ನೂ ಕೇಳಬಹುದು. ಕೊಲ್ಲಿಯಿಂದ ರಜೆಗೆ ಬರುವ ಅಣ್ಣಂದಿರು ಕ್ರಿಕೆಟ್ ಟೂರ್ನಮೆಂಟಿಗೆ ಕೈತುಂಬ ಕೊಡುತ್ತಾರೆ, ನಾಲ್ಕು ದಫ್ ಕೊಡಿಸಲು ಹಿಂದೆ ಮುಂದೆ ನೋಡಲಾರರು.

ಯಾರು ಕಲಿಸುತ್ತಾರೆ? ನಮ್ಮಲ್ಲೇ ಇದ್ದಾರೆ. ಗಝಲ್, ನಾತ್, ನಜ್ಮ್‌ಗೆ ಉರ್ದು ಬಲ್ಲವರು ಮಾತಿನ ಉಚ್ಚಾರಣೆ ಮತ್ತು ಅರ್ಥ ತಿದ್ದಬಹುದು. ಭಾವಗೀತೆ, ತತ್ವಪದಕ್ಕೆ ಕನ್ನಡ ಉಪನ್ಯಾಸಕರು ಇದ್ದಾರೆ. ಸ್ವರ ತಾಳದ ಪಾಠಕ್ಕೆ ಹೊನ್ನಾವರ, ಕುಮಟಾ ಕಡೆಯಿಂದ ಒಬ್ಬ ಸಂಗೀತ ಶಿಕ್ಷಕರನ್ನು ಗೊತ್ತು ಮಾಡಬೇಕು. ಆ ಕಡೆ ಹಿಂದೂಸ್ತಾನಿ ಕಲಿತವರಿಗೆ ಕೊರತೆ ಇಲ್ಲ. ತಿಂಗಳಿಗೊಮ್ಮೆ ಊರಿನ ಹಿರಿಯರೊಬ್ಬರನ್ನು ಕರೆಯಬೇಕು. ಒಂದು ತಿಂಗಳು ನವಾಯತಿ ಹಾಡುವ ಅಜ್ಜಿ, ಇನ್ನೊಂದು ತಿಂಗಳು ಯಕ್ಷಗಾನದ ಭಾಗವತರು, ಮತ್ತೊಂದು ತಿಂಗಳು ಮೀನುಗಾರ ಕೇರಿಯ ಹಿರಿಯರು. ಅವರು ಹಾಡಲಿ, ನಾವು ಕೇಳೋಣ, ಕೇಳಿದ್ದನ್ನು ಬರೆದಿಡೋಣ. ಅವರ ಒಪ್ಪಿಗೆ ಇದ್ದರೆ ದನಿಯನ್ನೂ ದಾಖಲಿಸೋಣ.

ನಮ್ಮ ಕಾಲೇಜಿನಲ್ಲಿ ಎಲ್ಲ ಸಮುದಾಯದ ಮಕ್ಕಳೂ ಓದುತ್ತಾರೆ. ಆದರೆ ಸಂಜೆ ಬಸ್ಸು ಹತ್ತಿದ ಮೇಲೆ ನಮ್ಮ ನಮ್ಮ ಕೇರಿಗಳಿಗೆ ಹೋಗುತ್ತೇವೆ. ಒಬ್ಬರ ಮನೆಯ ಮದುವೆಯಲ್ಲಿ ಏನು ಹಾಡುತ್ತಾರೆ ಎಂದು ಇನ್ನೊಬ್ಬರಿಗೆ ಗೊತ್ತಿಲ್ಲ. ಭಟ್ಕಳ ತಾಲೂಕು ಎಂದರೆ ಹೊರಗಿನವರಿಗೆ ಪತ್ರಿಕೆಯಲ್ಲಿ ಬಂದ ಒಂದೇ ಬಗೆಯ ಸುದ್ದಿ ನೆನಪಾಗುತ್ತದೆ. ಅದನ್ನು ಭಾಷಣದಿಂದ ಬದಲಾಯಿಸಲು ಆಗುವುದಿಲ್ಲ. ಸೌಹಾರ್ದದ ಬಗ್ಗೆ ನಾವು ಕೇಳಿದ ಭಾಷಣಗಳು ಕಡಿಮೆಯೇ? ಒಂದೇ ಚಾಪೆಯ ಮೇಲೆ ಕುಳಿತು, ಒಂದೇ ತಾಳಕ್ಕೆ ಕೈ ತಟ್ಟುತ್ತ, ಪಕ್ಕದವಳು ತಪ್ಪಿದಾಗ ಅವಳಿಗಾಗಿ ಕಾಯುವುದು ಬೇರೆ ಬಗೆಯ ಪಾಠ. ಜೊತೆಯಲ್ಲಿ ಹಾಡಬೇಕಾದರೆ ಮೊದಲು ಪಕ್ಕದವರ ದನಿ ಕೇಳಿಸಿಕೊಳ್ಳಬೇಕಾಗುತ್ತದೆ. ಇಲ್ಲದಿದ್ದರೆ ಹಾಡು ನಿಲ್ಲುವುದಿಲ್ಲ.

ಬಹುಮಾನ ಯಾಕೆ ಬೇಡ ಎಂದು ಹೇಳಿ ಮುಗಿಸುತ್ತೇನೆ. ಬಹುಮಾನ ಇದ್ದರೆ ಚೆನ್ನಾಗಿ ಹಾಡುವವರು ಮಾತ್ರ ಬರುತ್ತಾರೆ. ಅವರಿಗೆ ಸ್ಪರ್ಧೆಗಳು ಈಗಾಗಲೇ ಇವೆ, ಇರಲಿ. ಈ ಸಂಜೆ ಉಳಿದವರಿಗೆ. ಮೊದಲ ಸಾಲಿಗೇ ದನಿ ನಡುಗುವವನಿಗೆ, ಎರಡನೆಯ ಚರಣ ಮರೆತವಳಿಗೆ, ನಲವತ್ತು ವರ್ಷದ ಮೇಲೆ ಮೊದಲ ಸಲ ನಾಲ್ಕು ಜನರ ಮುಂದೆ ಬಾಯಿ ತೆರೆಯುವ ತಾಯಿಗೆ. ಅವರು ಹಾಡಿ ಮುಗಿಸಿದಾಗ ನಾವು ಅಂಕ ಹಾಕುವುದು ಬೇಡ, ಮುಂದಿನ ವಾರವೂ ಬನ್ನಿ ಎಂದು ಹೇಳೋಣ.

ಮಾನ್ಯ ಪ್ರಾಂಶುಪಾಲರಲ್ಲಿ, ಆಡಳಿತ ಮಂಡಳಿಯ ಹಿರಿಯರಲ್ಲಿ ನನ್ನ ವಿನಂತಿ ಸಣ್ಣದು. ಒಂದು ಕೋಣೆಯ ಕೀಲಿ, ಭಾನುವಾರ ಬೆಳಿಗ್ಗೆ 10ರಿಂದ 11.30, ಆರು ತಿಂಗಳ ಪ್ರಯೋಗ. ಯಾವ ಹಾಡು, ಯಾವ ಮಿತಿ ಎಂಬುದನ್ನು ಮೊದಲೇ ಹಿರಿಯರ ಜೊತೆ ಕುಳಿತು ಗೊತ್ತು ಮಾಡಿಕೊಳ್ಳೋಣ. ಆರು ತಿಂಗಳ ಕೊನೆಗೆ ಬಹುಮಾನವಿಲ್ಲದ ಆ ಸಂಜೆ ನಡೆಯಲಿ. ಜನ ಬಾರದಿದ್ದರೆ ಕೀಲಿ ಹಿಂದಕ್ಕೆ ಕೊಡುತ್ತೇವೆ. ಗೆಳೆಯ ಗೆಳತಿಯರಲ್ಲಿ ನನ್ನ ಕೋರಿಕೆ ಇನ್ನೂ ಸಣ್ಣದು. ಈ ಭಾನುವಾರ ನಿಮ್ಮ ಅಜ್ಜಿಯ ಪಕ್ಕ ಕುಳಿತು ಅವರಿಗೆ ಎಷ್ಟು ಹಾಡು ಬರುತ್ತದೆ ಎಂದು ಕೇಳಿ ಎಣಿಸಿ. ಆಮೇಲೆ ನಿಮಗೆ ಎಷ್ಟು ಬರುತ್ತದೆ ಎಂದೂ ಎಣಿಸಿ. ಆ ಎರಡು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಈ ಪತ್ರಿಕೆಯ ಪೆಟ್ಟಿಗೆಗೆ ಹಾಕಿದರೆ, ಪ್ರಾಂಶುಪಾಲರ ಮುಂದೆ ಇಡಲು ನನ್ನ ಲೇಖನಕ್ಕಿಂತ ಒಳ್ಳೆಯ ಕಾರಣ ಸಿಗುತ್ತದೆ.